ಸೂರು ಇದ್ದವರ ಸೂರ್ಯ

ಮೈಸೂರಿನ ಗೋಕುಲಂನಲ್ಲಿ ನಾವಿರುವುದು ಬಾಡಿಗೆ ಮನೆಯಲ್ಲಿ. ತಾರಸಿ ಮಾಲೀಕರದು. ಕಳೆದ ಬೇಸಿಗೆಯಲ್ಲಿ ಅವರು ಅಲ್ಲಿ ಸೌರಫಲಕಗಳನ್ನು ಹಾಕಿಸಿದರು. ಅಂದಿನಿಂದ ನಮ್ಮ ತಲೆಯ ಮೇಲೆಯೇ ವಿದ್ಯುತ್ ತಯಾರಾಗುತ್ತಿದೆ. ನಮ್ಮ ಮೀಟರಿಗೆ ಅದರ ಸಂಬಂಧವಿಲ್ಲ. ನಮ್ಮ ಪಾಲಿಗೆ ಆದದ್ದು ಇಷ್ಟೇ: ಬಟ್ಟೆ ಒಣಗಿಸುವ ಹಗ್ಗಕ್ಕೆ ಬೇರೆ ಜಾಗ ಹುಡುಕಬೇಕಾಯಿತು. ಮಾಲೀಕರು ಒಳ್ಳೆಯವರು, ಅವರ ಮೇಲೆ ನಮ್ಮ ದೂರಿಲ್ಲ. ದೂರು ಇರುವುದು, ಈ ಹೊಸ ಕಾಲದ ಬೆಳಕನ್ನು ತಾರಸಿಯ ಲೆಕ್ಕದಲ್ಲೇ ಹಂಚಲು ಹೊರಟ ಆಲೋಚನೆಯ ಮೇಲೆ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 'ಪಿಎಂ ಸೂರ್ಯ ಘರ್' ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳ ಗುರಿ. ಮೂರು ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿಯವರೆಗೆ ಸಹಾಯಧನ. ಒಳ್ಳೆಯ ಯೋಜನೆಯೇ. ಆದರೆ ಅದರ ಮೊದಲ ಷರತ್ತು ಸ್ವಂತ ಮನೆ, ಫಲಕ ಕೂರಿಸಲು ತಕ್ಕ ಸೂರು. ಅದಕ್ಕೂ ಮುನ್ನ, 2023ರಲ್ಲಿ, ರಾಜ್ಯ ಸರ್ಕಾರ ತಂದ 'ಗೃಹಜ್ಯೋತಿ' 200 ಯೂನಿಟ್‌ಗಳ ಮಿತಿಯೊಳಗೆ ಬಾಡಿಗೆದಾರರನ್ನೂ ಸೇರಿಸಿಕೊಂಡಿತು. ನಮ್ಮ ಬಿಲ್ಲು ಶೂನ್ಯವಾದದ್ದು ಅದರಿಂದ. ಅದನ್ನು ಮರೆಯುವ ಕೃತಘ್ನರು ನಾವಲ್ಲ. ಆದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮಹಡಿಯವರಿಗೆ ಸಿಕ್ಕಿದ್ದು ಇಪ್ಪತ್ತು-ಇಪ್ಪತ್ತೈದು ವರ್ಷ ಬಾಳುವ ಆಸ್ತಿ. ಕೆಳಗಿನವರಿಗೆ ಸಿಕ್ಕಿದ್ದು ಮುಂದಿನ ಚುನಾವಣೆಯವರೆಗೆ ಬಾಳಬಹುದಾದ ರಿಯಾಯಿತಿ. ಒಬ್ಬರು ಒಡೆಯರು, ಇನ್ನೊಬ್ಬರು ಫಲಾನುಭವಿಗಳು. ಇದು ಸಣ್ಣ ವ್ಯತ್ಯಾಸವಲ್ಲ.

ಇಂಧನದ ಬಗ್ಗೆ ಪತ್ರಿಕೆಗಳು ಬರೆಯುವಾಗ 'ಮಾರುಕಟ್ಟೆ' ಎಂಬ ಮಾತನ್ನು ಬಹಳ ಬಳಸುತ್ತವೆ. ಮಾರುಕಟ್ಟೆ ಏರಿತು, ಮಾರುಕಟ್ಟೆ ತಣ್ಣಗಾಯಿತು. ಓದಿದರೆ ಅದೊಂದು ಹವಾಮಾನವೇನೋ, ಬಿಸಿಲು ಮಳೆಯಂತೆ ಎಲ್ಲರ ಮೇಲೂ ಸಮನಾಗಿ ಬೀಳುತ್ತದೇನೋ ಅನ್ನಿಸಬೇಕು. ವಾಸ್ತವ ಹಾಗಿಲ್ಲ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಯುರೋಪಿಗೆ ಅನಿಲದ ಕೊರತೆಯಾಯಿತು. ಹಣವಿದ್ದ ಯುರೋಪ್ ಹೆಚ್ಚಿನ ಬೆಲೆ ಕೊಟ್ಟು ದ್ರವ ಅನಿಲದ ಹಡಗುಗಳನ್ನು ತನ್ನತ್ತ ತಿರುಗಿಸಿಕೊಂಡಿತು. ಆ ವರ್ಷದ ಜುಲೈನಲ್ಲಿ ಪಾಕಿಸ್ತಾನ ಕರೆದ ಅನಿಲದ ಟೆಂಡರಿಗೆ ಒಬ್ಬ ಮಾರಾಟಗಾರನೂ ಮುಂದೆ ಬರಲಿಲ್ಲ. ಬಾಂಗ್ಲಾದೇಶದ ಊರುಗಳು ಕತ್ತಲಲ್ಲಿ ಕುಳಿತವು. ಯುದ್ಧ ಎಲ್ಲಿಯದೋ, ಕತ್ತಲೆ ಎಲ್ಲಿಯದೋ.

ನಮ್ಮ ಬೀದಿಯ ತುದಿಯಲ್ಲಿ ಗಾಡಿಯಿಟ್ಟುಕೊಂಡು ಇಸ್ತ್ರಿ ಮಾಡುವವನೊಬ್ಬನಿದ್ದಾನೆ. ಹೊಗೆಯ ಕಾಟ ತಾಳಲಾರದೆ ಇದ್ದಿಲ ಪೆಟ್ಟಿಗೆ ಬಿಟ್ಟು ಗ್ಯಾಸಿನ ಪೆಟ್ಟಿಗೆ ಹಿಡಿದವನು. 2025ರ ಜೂನ್‌ನಲ್ಲಿ ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿ, ಹೊರ್ಮುಜ್ ಜಲಸಂಧಿ ಮುಚ್ಚಬಹುದೆಂಬ ಸುದ್ದಿ ಹಬ್ಬಿದಾಗ ಅವನು ಕೇಳಿದ: "ಸಾಬ್ರೇ, ಅಲ್ಲೆಲ್ಲೋ ಬಾಂಬು ಬಿದ್ರೆ ನನ್ನ ಸಿಲಿಂಡರಿಗೆ ಯಾಕೆ ಬರುತ್ತೆ?" ನಮ್ಮ ದೇಶ ಬಳಸುವ ಅಡುಗೆ ಅನಿಲದಲ್ಲಿ ಸುಮಾರು ಶೇ. 60 ಆಮದಾಗುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಆ ಇಕ್ಕಟ್ಟಾದ ದಾರಿಯಲ್ಲೇ ಬರುತ್ತದೆ ಎಂದು ವಿವರಿಸಿದೆವು. ಆ ಸಲ ಹನ್ನೆರಡು ದಿನಗಳಲ್ಲಿ ಕಾಳಗ ನಿಂತಿತು, ದಾರಿ ಮುಚ್ಚಲಿಲ್ಲ. ಆದರೆ ಅವನ ಪ್ರಶ್ನೆ ಉಳಿಯಿತು. ಬೆಲೆ ಏರಿದರೆ ಅದನ್ನು ಗಿರಾಕಿಯ ಮೇಲೆ ಹೊರಿಸುವ ಧೈರ್ಯ ಅವನಿಗಿಲ್ಲ. ತಾರಸಿಯಂತೂ ಇಲ್ಲವೇ ಇಲ್ಲ.

ಹೊಸ ತಂತ್ರಜ್ಞಾನ ಈ ಪರಾವಲಂಬನೆಯನ್ನು ತಪ್ಪಿಸುತ್ತದೆ ಎನ್ನುತ್ತಾರೆ. ಅರ್ಧ ನಿಜ. ಸೂರ್ಯನನ್ನು ಯಾರೂ ಜಲಸಂಧಿಯಲ್ಲಿ ತಡೆಯಲಾರರು. ಆದರೆ ಜಗತ್ತಿನ ಸೌರಫಲಕ ತಯಾರಿಕೆಯ ಪ್ರತಿ ಹಂತದಲ್ಲೂ ಶೇ. 80ಕ್ಕಿಂತ ಹೆಚ್ಚಿನ ಪಾಲು ಚೀನಾದ ಹಿಡಿತದಲ್ಲಿತ್ತೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲಿ ಹೇಳಿತ್ತು. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಖನಿಜಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ವಿದ್ಯುತ್ ವಾಹನ ತಯಾರಕರು ಪರದಾಡಿದರು. ಪರಾವಲಂಬನೆ ಮುಗಿಯಲಿಲ್ಲ, ವಿಳಾಸ ಬದಲಿಸಿತು.

ಊರೊಳಗಿನ ಲೆಕ್ಕವೂ ಹೀಗೆಯೇ. ಹೆಚ್ಚು ವಿದ್ಯುತ್ ಬಳಸಿ ಹೆಚ್ಚು ಬಿಲ್ಲು ಕಟ್ಟುತ್ತಿದ್ದವರು ತಮ್ಮ ಸೂರಿನ ಬಿಸಿಲಿಗೆ ಹೊರಳಿದರೆ ವಿದ್ಯುತ್ ಕಂಪನಿಯ ಆದಾಯ ತಗ್ಗುತ್ತದೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರಿನ ಖರ್ಚು ತಗ್ಗುವುದಿಲ್ಲ. ರಾತ್ರಿ ಅವರಿಗೂ ಅದೇ ತಂತಿ ಬೇಕು. ಆ ಭಾರ ಕೊನೆಗೆ ಉಳಿದವರ ಬಿಲ್ಲಿಗೋ ಸರ್ಕಾರದ ಬೊಕ್ಕಸಕ್ಕೋ ಬೀಳುತ್ತದೆ.

ಇದು ಹೊಸ ಕಥೆಯಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದಾಗ ಅದು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ, ಬ್ರಿಟಿಷ್ ಕಂಪನಿಗಳ ಯಂತ್ರ ತಿರುಗಿಸಲು. ಹತ್ತಿರದ ಮೈಸೂರಿನ ಬೀದಿಗಳು 1908ರವರೆಗೆ ಕಾದವು. ನೂರು ವರ್ಷ ಕಳೆದ ಮೇಲೆ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಎದ್ದಿತು. ಭೂಮಿಯನ್ನು ಕಿತ್ತುಕೊಳ್ಳದೆ ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಶುರುವಾಗುವ ಗುತ್ತಿಗೆ ಕೊಟ್ಟದ್ದು ಮೆಚ್ಚತಕ್ಕದ್ದೇ. ಬರದ ಸೀಮೆಯಲ್ಲಿ ಅದು ಖಾತರಿಯ ವರಮಾನ. ಆದರೆ ಗುತ್ತಿಗೆಯ ಹಣ ಹೋದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರ, ಅಲ್ಲಿ ಕುರಿ ಮೇಯಿಸುತ್ತಿದ್ದವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಪಾವಗಡದ ಕೂಲಿಯವನೂ ಗೋಕುಲಂನ ಬಾಡಿಗೆದಾರನೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ದಾರಿ ಇಲ್ಲವೆಂದಲ್ಲ. ಒಂದು ಕಡೆ ಉತ್ಪಾದಿಸಿದ ಸೌರ ವಿದ್ಯುತ್ತನ್ನು ಹಲವು ಮನೆಗಳ ಬಿಲ್ಲಿಗೆ ಪಾಲು ಹಾಕಿ ಜಮೆ ಮಾಡುವ ಪದ್ಧತಿಗೆ ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗ 2019ರಲ್ಲೇ ನಿಯಮ ಮಾಡಿತು. ಅದು ನಮ್ಮ ಬಡಾವಣೆಗಳಲ್ಲಿ ರೂಢಿಗೆ ಬರಲಿ. ಸರ್ಕಾರಿ ಶಾಲೆ, ಸಮುದಾಯ ಭವನ, ಮಾರುಕಟ್ಟೆ ಕಟ್ಟಡಗಳ ವಿಶಾಲ ಸೂರುಗಳಿವೆ. ಅವುಗಳ ಬಿಸಿಲಿನಲ್ಲಿ ಸೂರಿಲ್ಲದವರಿಗೆ ಪಾಲು ಕೊಡಿ. ರಿಯಾಯಿತಿಯಾಗಿ ಅಲ್ಲ, ಹಕ್ಕಾಗಿ.

ನಮ್ಮ ಬಾಲ್ಯದಲ್ಲಿ ಮನೆಯ ಒಲೆ ಆರಿದರೆ ಅಮ್ಮಾ ನಮ್ಮ ಕೈಗೆ ಹಳೆಯ ಸೌಟು ಕೊಟ್ಟು ಪಕ್ಕದ ಮನೆಯಿಂದ ಕೆಂಡ ತರಲು ಕಳಿಸುತ್ತಿದ್ದಳು. ಆ ಮನೆಯವರು ನಮ್ಮ ಜಾತಿ ಕೇಳಲಿಲ್ಲ, ಮನೆ ಸ್ವಂತದ್ದೋ ಬಾಡಿಗೆಯದೋ ಎಂದೂ ಕೇಳಲಿಲ್ಲ. ಕೆಂಡ ಕೊಟ್ಟರು. ಅವರ ಒಲೆ ಅದರಿಂದ ಆರಲಿಲ್ಲ.