ತೆರೆದ ಭರಣಿಯನ್ನು ಕಾಯುವುದು ಯಾವುದು?

ಸಾಗರ, ಸಿದ್ದಾಪುರ, ಸಿರ್ಸಿಯ ಕಡೆ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿ ಫ್ರಿಜ್ಜಿನ ಮುಖ ಕಾಣದೆಯೇ ಒಂದೆರಡು ಮಳೆಗಾಲ ದಾಟುತ್ತದೆ. ಅದನ್ನು ಕಂಡವರು ಉಪ್ಪಿನಕಾಯಿಯೆಂದರೆ ಕೆಡದ ಪದಾರ್ಥ ಎಂದುಕೊಂಡು, ಪೇಟೆಯ ಬಾಟಲಿಯನ್ನೂ ನಿನ್ನೆ ಕಲಸಿದ ಬೆಳ್ಳುಳ್ಳಿ ಉಪ್ಪಿನಕಾಯಿಯನ್ನೂ ಅದೇ ನಂಬಿಕೆಯಲ್ಲಿ ಕಪಾಟಿಗೆ ಏರಿಸುತ್ತಾರೆ. ಅಪಾಯವಿರುವುದು ಈ ನಂಬಿಕೆಯಲ್ಲೇ. ಮಿಡಿಯನ್ನು ಮುಖ್ಯವಾಗಿ ಕಾಯುವುದು ಉಪ್ಪು. ತೊಟ್ಟಿರುವ ಮಿಡಿಯನ್ನೂ ಹರಳುಪ್ಪನ್ನೂ ಪದರ ಪದರವಾಗಿ ಭರಣಿಗೆ ತುಂಬಿದಾಗ ಉಪ್ಪು ಕಾಯಿಯ ನೀರನ್ನು ಹೊರಗೆಳೆಯುತ್ತದೆ, ಮಿಡಿ ಮುರುಟುತ್ತದೆ, ಆ ನೀರಿನಲ್ಲೇ ಉಪ್ಪು ಕರಗುತ್ತದೆ. 100 ಮಿಲಿ ನೀರು ಹೆಚ್ಚೆಂದರೆ ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು. ಆ ಮಿತಿಯ ಹತ್ತಿರಕ್ಕೆ ಬಂದ ಉಪ್ಪುನೀರಿನಲ್ಲಿ ಕಾಯಿಲೆ ತರುವ ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಬೇಕಾದಷ್ಟು ನೀರು ದಕ್ಕುವುದಿಲ್ಲ. ಅದರ ಮೇಲೆ ಮಾವಿನ ಹುಳಿಯಿದೆ, ಸಾಸಿವೆಯ ಘಾಟಿದೆ.

ಮೇಲೆ ಎಣ್ಣೆ ನಿಂತಿದ್ದರೆ ಸಾಲದೇ ಎಂದು ಕೇಳುವವರು ಬಹಳ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಹಾಗಾಗಿ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಮಾತು ಸರಿ. ಆದರೆ ಬಾಟುಲಿಸಂ ಎಂಬ ಮಾರಕ ವಿಷಬಾಧೆಗೆ ಕಾರಣವಾದ ಬ್ಯಾಕ್ಟೀರಿಯಾ ಬೆಳೆಯುವುದೇ ಗಾಳಿಯಿಲ್ಲದ ಕಡೆ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಫ್ರಿಜ್ಜಿನ ಹೊರಗೆ ಇಟ್ಟಿದ್ದ, ಎಣ್ಣೆಯಲ್ಲಿ ಮುಳುಗಿಸಿದ ಬೆಳ್ಳುಳ್ಳಿಯಿಂದ 36 ಜನ ಈ ವಿಷಕ್ಕೆ ತುತ್ತಾದರು. ಬೆಳ್ಳುಳ್ಳಿಯಲ್ಲಿ ಹೇಳಿಕೊಳ್ಳುವಂಥ ಹುಳಿಯಿಲ್ಲ. ಈ ಬ್ಯಾಕ್ಟೀರಿಯಾವನ್ನು ತಡೆಯಲು ಪಿಎಚ್ 4.6ಕ್ಕಿಂತ ಕೆಳಗಿಳಿಯುವಷ್ಟು ಹುಳಿ ಬೇಕು, ಇಲ್ಲವೇ ಪದಾರ್ಥದ ನೀರಿನಂಶದಲ್ಲಿ ಶೇಕಡಾ 10ರಷ್ಟಾದರೂ ಉಪ್ಪು ಬೇಕು. ಎರಡೂ ಇಲ್ಲದ ಕಡೆ ಎಣ್ಣೆ ರಕ್ಷಣೆಯಲ್ಲ, ವಿಷಕ್ಕೆ ಅನುಕೂಲ. ವಾಸನೆ ನೋಡಿ ತಿಳಿಯುತ್ತೇನೆಂದರೆ ಅದೂ ಆಗದು. ವಿಷ ಸೇರಿದ ಪದಾರ್ಥ ಮೂಗಿಗೂ ನಾಲಿಗೆಗೂ ಚೆನ್ನಾಗಿಯೇ ಇರಬಹುದು.

ಇನ್ನು ರಕ್ತದೊತ್ತಡದ ಮಾತು. ದಿನಕ್ಕೆ 5 ಗ್ರಾಂ ಉಪ್ಪು ಮೀರಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವಾಗ ಇಷ್ಟೊಂದು ಉಪ್ಪು ಸುರಿಯುವುದು ಸರಿಯೇ? ಆಕ್ಷೇಪ ನ್ಯಾಯವಾದದ್ದು. ಆದರೆ ಅದಕ್ಕೆ ಪರಿಹಾರ ಬಾಳೆಲೆಯ ತುದಿಯಲ್ಲಿದೆ: ಒಂದು ಮಿಡಿಯ ಬದಲು ಅರ್ಧ ಮಿಡಿ ಬಡಿಸಿಕೊಳ್ಳಿ. ಭರಣಿಯಲ್ಲೇ ಉಪ್ಪು ಇಳಿಸಿದರೆ ಅದು ಬೇರೆಯೇ ಪದಾರ್ಥವಾಗುತ್ತದೆ, ಅದರ ಜಾಗ ಫ್ರಿಜ್ಜು. ತೆರೆದ ಮೇಲೆ ತಂಪಿನಲ್ಲಿಡಿ ಎಂದು ಪೇಟೆಯ ಬಾಟಲಿಯ ಮೇಲೆ ಬರೆದಿದ್ದರೂ ಅಷ್ಟೇ. ಒಳಗಿನ ಹದ ತಿಳಿದವರು ಬರೆದ ಮಾತದು.

ಮಡಿಯ ಹೆಸರಿನಲ್ಲಿ ಬಂದ ಕಟ್ಟುಗಳಲ್ಲಿ ಬೇರೆ ಏನೇ ಇರಲಿ, ದೊಡ್ಡ ಭರಣಿಗೆ ಒದ್ದೆ ಕೈ, ಎಂಜಲು ಚಮಚ ಸೋಕಬಾರದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಚಮಚದ ನೀರು ಮೇಲ್ಪದರದ ಉಪ್ಪನ್ನು ತೆಳುವಾಗಿಸುತ್ತದೆ, ಅನ್ನದ ಅಗುಳು ಬೂಷ್ಟಿಗೆ ಆಹಾರವಾಗುತ್ತದೆ. ಬೂಷ್ಟು ಬೆಳೆಯುತ್ತ ಹುಳಿಯನ್ನು ತಿಂದುಹಾಕುವುದರಿಂದ, ಉಪ್ಪು ಕಡಿಮೆಯಿದ್ದು ಹುಳಿಯನ್ನೇ ನೆಚ್ಚಿದ ಬಾಟಲಿಗೆ ಅದು ಹಿಡಿದರೆ ಮೇಲ್ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಬಳಸುವುದು ಸಲ್ಲದು. ವಾರಕ್ಕೆ ಬೇಕಾದಷ್ಟನ್ನು ಒಣಗಿದ ಮರದ ಸೌಟಿನಿಂದ ಸಣ್ಣ ಜಾಡಿಗೆ ತೆಗೆದುಕೊಳ್ಳಿ, ಭರಣಿಯ ಬಾಯಿಗೆ ಬಟ್ಟೆ ಬಿಗಿಯಿರಿ. ಈ ಸಲ ಬೆಳ್ಳುಳ್ಳಿ ಉಪ್ಪಿನಕಾಯಿ ಹಾಕುವುದಾದರೆ ಲಿಂಬೆರಸವನ್ನೋ ವಿನೆಗರನ್ನೋ ಧಾರಾಳವಾಗಿ ಹಾಕಿ, ಆಮೇಲೂ ಫ್ರಿಜ್ಜಿನಲ್ಲೇ ಇಡಿ.