ಉಬ್ಬರ ನೋಡಿ ಹೊರಡುವ ರಜೆ

ಗೋಕರ್ಣದ ಓಂ ಬೀಚಿಗೆ ಶನಿವಾರ ಸಂಜೆ ಹೋದವರಿಗೆ ಸೂರ್ಯಾಸ್ತ ಸಿಗುವುದು ಮುಂದೆ ನಿಂತವರ ಮೊಬೈಲ್ ಪರದೆಯಲ್ಲಿ. ಅಲ್ಲಿಂದ ತೆಂಕಣಕ್ಕೆ ಹತ್ತು ಕಿಲೋಮೀಟರಿನೊಳಗೆ, ಕುಮಟಾ ತಾಲೂಕಿನ ಕಾಗಾಲದಲ್ಲಿ ಅದೇ ಸೂರ್ಯ ಅದೇ ಕಡಲಿಗೆ ಇಳಿಯುತ್ತಿರುತ್ತಾನೆ. ನೋಡುವುದಕ್ಕೆ ಬಲೆ ಹರಡಿಕೊಂಡು ಕೂತ ನಾಲ್ಕು ಜನ, ಗಾಳಿಮರದ ಸಾಲು, ಒಂದು ದಂಡೆನಾಯಿ. ಮರಳು ಅಲ್ಲಿಯೂ ಚೆನ್ನಾಗಿದೆ, ನೀರೂ ಚೆನ್ನಾಗಿದೆ. ನಡುವೆ ಅಘನಾಶಿನಿ ನದಿ ಅಡ್ಡ ಬಂದಿದೆ, ಅಷ್ಟೇ. ದೋಣಿ ಹತ್ತಬೇಕು, ಇಲ್ಲವೇ ಮಿರ್ಜಾನ್, ಕುಮಟಾ ಸುತ್ತಿ ಮೂವತ್ತು ನಲವತ್ತು ಕಿಲೋಮೀಟರ್ ಕಾರು ಓಡಿಸಬೇಕು. ಜನಜಂಗುಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ನಿರ್ಜನ ಕಡಲು ಬೇಕೆನ್ನುವವರಿಗೆ ನಾನು ಬೀಚುಗಳ ಪಟ್ಟಿ ಕೊಡುವುದಿಲ್ಲ. ಪಟ್ಟಿಗೆ ಸೇರಿದ ಬೀಚು ಎರಡು ವರ್ಷದಲ್ಲಿ ಪಾರ್ಕಿಂಗ್ ಜಾಗವಾಗುತ್ತದೆ. ಅದರ ಬದಲು ನಕಾಶೆ ತೆಗೆದು ಅಳಿವೆಗಳನ್ನು ಹುಡುಕಿ ಎನ್ನುತ್ತೇನೆ. ಉತ್ತರ ಕನ್ನಡದ ದಂಡೆಯನ್ನು ನಾಲ್ಕು ದೊಡ್ಡ ನದಿಗಳು ಕತ್ತರಿಸಿವೆ: ಕಾರವಾರದಲ್ಲಿ ಕಾಳಿ, ಅಂಕೋಲೆಯ ಕೆಳಗೆ ಗಂಗಾವಳಿ, ಕುಮಟಾ ಪಕ್ಕ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಇವುಗಳಲ್ಲಿ ಅಘನಾಶಿನಿಯ ಮಾತೇ ಬೇರೆ. ಶಿರಸಿಯ ಕಡೆಯಿಂದ ಘಟ್ಟ ಇಳಿದು ಬರುವ ಈ ಹೊಳೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಹೆದ್ದಾರಿ ಅದನ್ನು ದಾಟುವುದು ಕಡಲಿನಿಂದ ಬಹಳ ಒಳಗೆ. ಹಾಗಾಗಿ ಸೇತುವೆಗೂ ಸಮುದ್ರಕ್ಕೂ ನಡುವಿನ ಊರುಗಳು ಯಾರ ದಾರಿಯಲ್ಲೂ ಬರುವುದಿಲ್ಲ. ಮರವಂತೆಯನ್ನೂ ಹೇಳುವವರಿದ್ದಾರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ, ಚೆಂದವೇನೋ ಹೌದು. ಆದರೆ ಅದು ಕಾರು ನಿಲ್ಲಿಸಿ ನೋಡುವ ಚೆಂದ. ಲಾರಿಯ ಹಾರ್ನ್ ಕೇಳುತ್ತಾ ರಜೆ ಕಳೆಯುವುದು ನನ್ನಿಂದಾಗದು.

ಊರು ಗೊತ್ತಾದ ಮೇಲೆ ದಿನ ಗೊತ್ತುಮಾಡುವುದು. ಇಲ್ಲಿ ರಜೆಯ ಅರ್ಧ ಸುಖವಿದೆ. ಹೋಟೆಲಿನವರ ದರಪಟ್ಟಿಗಿಂತ ಮೊದಲು ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಕಡಲು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಸಣ್ಣದು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಇವತ್ತಿನದಕ್ಕಿಂತ ನಾಳೆಯದು ಸುಮಾರು ಐವತ್ತು ನಿಮಿಷ ತಡ. ಇವತ್ತು ಸಂಜೆ ಇಳಿತ ಇದ್ದ ದಂಡೆಯಲ್ಲಿ ಮುಂದಿನ ವಾರ ಅದೇ ಹೊತ್ತಿಗೆ ತೆಂಗಿನ ಬುಡದವರೆಗೆ ನೀರು. ಸಂಜೆ ದೂರ ನಡೆಯುವ ಆಸೆಯಿದ್ದವರು ಸಂಜೆಯ ಇಳಿತ ಹುಡುಕಬೇಕು. ದೋಣಿಯಲ್ಲಿ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಹೋಗುವ ಆಸೆಯಿದ್ದರೆ ಉಬ್ಬರವೇ ಬೇಕು, ಇಳಿತದಲ್ಲಿ ಹುಟ್ಟು ಕೆಸರಿಗೆ ಸಿಕ್ಕಿಕೊಳ್ಳುತ್ತದೆ. ಹುಣ್ಣಿಮೆ ಆರಿಸಿಕೊಂಡವರಿಗೆ ಎರಡೂ ದೊಡ್ಡದಾಗಿ ಸಿಗುತ್ತವೆ, ಮೇಲೆ ಬೆಳದಿಂಗಳು.

ಹೋಗುವುದು ರೈಲಿನಲ್ಲಿ. ಬೆಂಗಳೂರಿನಿಂದ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗ್ಗೆ ಕರಾವಳಿಯ ಮೇಲೆ ಸಾಗುತ್ತದೆ. ಎಡಗಡೆಯ ಕಿಟಕಿ ಹಿಡಿಯಿರಿ. ಕೊಂಕಣ ರೈಲು ಎಂದರೆ ಕಡಲು ಕಾಣುತ್ತಲೇ ಇರುತ್ತದೆಂದು ನಂಬಿ ಹೊರಟವರಿಗೆ ಸ್ವಲ್ಪ ನಿರಾಸೆ. ಹಳಿ ಹೆಚ್ಚಾಗಿ ಗದ್ದೆ, ಗುಡ್ಡ, ಸುರಂಗಗಳಲ್ಲೇ ಓಡುತ್ತದೆ. ಅದು ತೋರಿಸುವುದು ನದಿಗಳನ್ನು. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಮಿಕ್ಕಿದ್ದು, ಈ ಮಾರ್ಗದಲ್ಲೇ ಅತಿ ಉದ್ದದ್ದು. ಅದರ ಮೇಲೆ ರೈಲಿನ ಸದ್ದೇ ಬದಲಾಗುತ್ತದೆ. ಮಾತಾಡುತ್ತಿದ್ದ ಬೋಗಿ ಸುಮ್ಮನಾಗಿ ಕಿಟಕಿಯತ್ತ ತಿರುಗುವುದನ್ನು ನೋಡುವುದೂ ಒಂದು ಸೊಗಸು. ಕುಮಟಾದಲ್ಲಿ ಇಳಿದರೆ ಆಯಿತು, ಮುಂದೆ ರಿಕ್ಷಾ ಇದೆ.

ಇನ್ನು ತದಡಿಯಿಂದ ಅಘನಾಶಿನಿ ಊರಿಗೆ ದಾಟುವ ದೋಣಿ. ಇದಕ್ಕಾಗಿಯೇ ಒಂದು ಬೆಳಗು ತೆಗೆದಿಡಬೇಕು. ತದಡಿ ಮೀನುಗಾರಿಕೆ ಬಂದರು. ಡೀಸೆಲ್, ಮಂಜುಗಡ್ಡೆ, ಒಣಮೀನು ಎಲ್ಲ ಸೇರಿದ ಒಂದು ವಾಸನೆ, ಮೂಗು ಮುಚ್ಚಿಕೊಂಡವರು ಐದು ನಿಮಿಷದಲ್ಲಿ ಮರೆತುಬಿಡುತ್ತಾರೆ. ದಾಟುವುದಕ್ಕೆ ಹೆಚ್ಚು ಹೊತ್ತೇನೂ ಬೇಡ. ಇಳಿತದ ಹೊತ್ತಾದರೆ ಬೆತ್ತಲಾದ ಕೆಸರಿನ ಬಯಲಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಬಳಚು ಹೆಕ್ಕುತ್ತಿರುವುದು ಕಾಣುತ್ತದೆ. ಹತ್ತಿರ ಹೋಗಿ ನೋಡಿ. ಕಣ್ಣಿಗೆ ಏನೂ ಕಾಣದ ಕೆಸರು. ಅವರ ಅಂಗಾಲಿಗೆ ಚಿಪ್ಪಿನ ಅಂಚು ತಾಗಿದ ಕೂಡಲೆ ಕೈ ಒಳಗಿಳಿಯುತ್ತದೆ, ಹೊರಬರುವಾಗ ಮುಷ್ಟಿಯಲ್ಲಿ ಕಪ್ಪು ಚಿಪ್ಪು, ನೀರಿಗೆ ಅದ್ದಿ ಒಮ್ಮೆ ಅಲುಗಿಸಿದರೆ ಬೂದು ಗೆರೆಗಳು ಎದ್ದುಬರುತ್ತವೆ. ತಲೆ ಎತ್ತುವುದಿಲ್ಲ, ಮಾತು ನಿಲ್ಲಿಸುವುದಿಲ್ಲ. ನೀರು ಏರಿ ಮೊಣಕಾಲು ದಾಟಿತೆಂದರೆ ಕೆಲಸ ಮುಗಿಯಿತು. ಮಧ್ಯಾಹ್ನ ಊಟಕ್ಕೆ ಕೂತಲ್ಲಿ ಬಳಚಿನ ಸುಕ್ಕಾ ಬಂದರೆ ಎರಡನೆಯ ಸಲ ಹಾಕಿಸಿಕೊಳ್ಳಲು ನಾಚಬೇಡಿ. ತೆಂಗಿನಕಾಯಿ ಧಾರಾಳ ಬಿದ್ದ ಆ ಪಲ್ಯದಲ್ಲಿ ಉಪ್ಪು ಹಾಕಿದ್ದು ಯಾರು, ಅಡುಗೆಯವರೋ ಸಮುದ್ರವೋ ಎನ್ನುವುದು ತಿಳಿಯುವುದಿಲ್ಲ.

ಉಪ್ಪಿನ ಮಾತು ಬಂದಿತಲ್ಲ, ತದಡಿ ಗೋಕರ್ಣಗಳ ಪಕ್ಕದಲ್ಲೇ ಸಾಣಿಕಟ್ಟಾ. ಇಲ್ಲಿ ಉಬ್ಬರದ ನೀರನ್ನು ಗದ್ದೆಗೆ ಬಿಟ್ಟು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಮಳೆ ಬಿಟ್ಟ ಮೇಲೆ ಮಡಿ ಹದ ಮಾಡಿ, ಬೇಸಿಗೆ ಪೂರ್ತಿ ಕೆಲಸ. ನೀರಿನ ಮೇಲೆ ಮೊದಲು ಹಾಲಿನ ಕೆನೆಯ ಹಾಗೆ ತೆಳು ಪದರ ಕಟ್ಟುತ್ತದೆ, ಭಾರವಾಗಿ ತಳಕ್ಕೆ ಇಳಿಯುತ್ತದೆ, ಅದನ್ನು ಮರದ ಹಲಗೆಯಲ್ಲಿ ಎಳೆದು ರಾಶಿ ಮಾಡುತ್ತಾರೆ. ಹದಿನೈದು ಹೆಜ್ಜೆ ಬದುವಿನ ಮೇಲೆ ನಡೆದರೂ ಚಪ್ಪಲಿಯ ಕೆಳಗೆ ಹರಳು ಚರಚರ ಎನ್ನುತ್ತದೆ. ಹೊಳೆಯ ಇನ್ನೊಂದು ಮಗ್ಗುಲಿಗೆ ಗಜನಿ ಭೂಮಿ. ಉಪ್ಪುನೀರಿಗೆ ಹೆದರದ ಕಗ್ಗ ಭತ್ತ ಬೆಳೆಯುವ ಗದ್ದೆಗಳವು. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಯಶವಂತ ಚಿತ್ತಾಲರ ಹನೇಹಳ್ಳಿ ಈ ನೀರಿನ ಸೀಮೆಯದೇ. ಅವರ ಕತೆ ಓದಿಕೊಂಡವರು ಚೀಲದಲ್ಲಿ ಒಂದು ಸಂಕಲನ ಇಟ್ಟುಕೊಂಡು ಬರಲಿ.

ಈ ಅಳಿವೆಯ ಹುಚ್ಚು ನನ್ನೊಬ್ಬನದಲ್ಲ. 1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಟ್ಯಾಗೋರರು ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಈಗ ಆ ಊರಿನ ಬೀಚಿಗೆ ರವೀಂದ್ರನಾಥರದೇ ಹೆಸರು. ಆದರೆ ತಮ್ಮ ನೆನಪುಗಳಲ್ಲಿ ಅವರು ಮನಸೋತು ಬರೆದದ್ದು ಕಾಳಿ ನದಿಯಲ್ಲಿ ಬೆಳದಿಂಗಳ ದೋಣಿಪ್ರಯಾಣವನ್ನು, ವಾಪಸು ಬರುವಾಗ ನದಿಯ ಬಾಯಲ್ಲಿ ಇಳಿದು ಮರಳಿನ ಮೇಲೆ ಮನೆಗೆ ನಡೆದುಬಂದ ಆ ರಾತ್ರಿಯನ್ನು. ‘ಪ್ರಕೃತಿಯ ಪ್ರತಿಶೋಧ’ ನಾಟಕ ಬರೆದದ್ದೂ ಕಾರವಾರದಲ್ಲೇ.

ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಯೋಜನೆ ಬೇಡ. ಮಳೆಗಾಲದ ಕರಾವಳಿ ರುದ್ರಸುಂದರ ನಿಜ, ಆದರೆ ಅದನ್ನು ಮನೆಯ ಜಗಲಿಯಿಂದ ನೋಡಬೇಕು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದನ್ನು ಯಾರೂ ಮರೆತಿಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವೂ ಇರುವುದರಿಂದ ತಟ್ಟೆಗೆ ಬೀಳುವ ಬಂಗುಡೆ ಎಷ್ಟು ದಿನದ್ದೆಂದು ಕೇಳುವುದೇ ಕಷ್ಟ. ಮೇ ತಿಂಗಳಲ್ಲಿ ಸೆಕೆಯಿದೆ, ಬೆವರು ನಿಲ್ಲುವುದಿಲ್ಲ. ಅಂಕೋಲೆಯ ಕರಿ ಇಶಾಡ ಮಾವಿನಹಣ್ಣಿಗಾಗಿ ಅದನ್ನೂ ಸಹಿಸುತ್ತೇನೆ ಎನ್ನುವವರಿಗೆ ನಾನು ಅಡ್ಡ ಬರುವುದಿಲ್ಲ. ಉಳಿದವರಿಗೆ ದೀಪಾವಳಿಯಿಂದ ಫೆಬ್ರವರಿ. ಅದರಲ್ಲೂ ಡಿಸೆಂಬರಿನ ಕೊನೆಯ ವಾರ ಮತ್ತು ಗೋಕರ್ಣದ ಶಿವರಾತ್ರಿ ಜಾತ್ರೆಯ ದಿನಗಳನ್ನು ಬಿಟ್ಟುಬಿಡಿ. ಭಾನುವಾರ ಸಂಜೆ ಎಲ್ಲರೂ ಹೊರಡುವಾಗ ನೀವು ಬನ್ನಿ, ಶುಕ್ರವಾರ ಬೆಳಗ್ಗೆ ಹೊರಟುಬಿಡಿ.

ಮನೆಯಲ್ಲಿ ಉಳಿಸಿಕೊಳ್ಳುವವರಿಗೆ ಮೀನು ತಿನ್ನುತ್ತೀರೋ ಇಲ್ಲವೋ ಹಿಂದಿನ ದಿನವೇ ಫೋನ್ ಮಾಡಿ ಹೇಳಿ, ಬೆಳಗಿನ ಮಾರುಕಟ್ಟೆಗೆ ಅವರು ಬೇಗ ಹೋಗಬೇಕಾಗುತ್ತದೆ. ಅಳಿವೆಯ ಬಾಯಲ್ಲಿ ಮಾತ್ರ ಈಜಬೇಡಿ. ನದಿಯ ಸೆಳೆತವೂ ಇಳಿತವೂ ಒಟ್ಟಾದರೆ ಬಲ್ಲ ಈಜುಗಾರನನ್ನೂ ಹೊರಕ್ಕೆ ಒಯ್ಯುತ್ತದೆ. ದೋಣಿ ಹತ್ತುವಾಗಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ನಡೆಸುವವರನ್ನು ಕೇಳಿಕೊಳ್ಳಿ, ತಪ್ಪಿದರೆ ಆ ಮೂವತ್ತು ನಲವತ್ತು ಕಿಲೋಮೀಟರಿಗೆ ರಾತ್ರಿ ರಿಕ್ಷಾ ಸಿಗುವುದು ಕಷ್ಟ.