ಯೂಂಗ್‌ನ ಸ್ಟಾಪ್‌ವಾಚ್

ಕಾರ್ಲ್ ಗುಸ್ತಾವ್ ಯೂಂಗ್ ಹೆಸರೆತ್ತಿದರೆ ನಮ್ಮ ಬಹುಪಾಲು ಓದುಗರಿಗೆ ನೆನಪಾಗುವುದು ಕನಸು, ಪುರಾಣ, ಮಂಡಲ, ಸಾಮೂಹಿಕ ಸುಪ್ತಪ್ರಜ್ಞೆ. 2009ರಲ್ಲಿ ಆತನ 'ರೆಡ್ ಬುಕ್' ಅಚ್ಚಾದ ಮೇಲಂತೂ ವೈದ್ಯ ಯೂಂಗ್ ಹಿಂದೆ ಸರಿದು ಋಷಿ ಯೂಂಗ್ ಮುಂದೆ ಬಂದಿದ್ದಾನೆ. ಮನಶ್ಶಾಸ್ತ್ರದ ಪುಸ್ತಕಗಳನ್ನು ರುಚಿ ನೋಡಿ ಓದುವವರೊಂದಿಗೆ ಈ ವಾರ ನನ್ನದೊಂದು ತಕರಾರಿದೆ: ನಾವು ಯೂಂಗ್‌ನನ್ನು ಹಿಂದುಮುಂದಾಗಿ ಓದುತ್ತಿದ್ದೇವೆ. ಆತನ ಗಟ್ಟಿ ಕಾಣಿಕೆಯನ್ನು ಹುಡುಕಬೇಕಾದದ್ದು ನಂತರದ ಪುರಾಣ ವ್ಯಾಖ್ಯಾನಗಳಲ್ಲಲ್ಲ. ಮೂವತ್ತರ ಆಸುಪಾಸಿನಲ್ಲಿ ಸ್ಟಾಪ್‌ವಾಚ್ ಹಿಡಿದು ಆತ ಮಾಡಿದ ಪ್ರಯೋಗಗಳಲ್ಲಿ.

ಯೂಂಗ್ 1900ರ ಡಿಸೆಂಬರ್‌ನಲ್ಲಿ ಜೂರಿಕ್‌ನ ಬುರ್ಗ್‌ಹೋಲ್ಜ್ಲಿ ಮಾನಸಿಕ ಆಸ್ಪತ್ರೆಗೆ ಸೇರಿದ. ಅಲ್ಲಿನ ಮುಖ್ಯಸ್ಥ ಓಯ್ಗೆನ್ ಬ್ಲಾಯ್ಲರ್. ಸಹೋದ್ಯೋಗಿ ಫ್ರಾಂಜ್ ರಿಕ್ಲಿನ್ ಜೊತೆ ಯೂಂಗ್ ನಡೆಸಿದ ಪದ ಸಾಹಚರ್ಯ ಪ್ರಯೋಗದ ಫಲಿತಾಂಶಗಳು 1904ರಿಂದ ಅಚ್ಚಾಗತೊಡಗಿದವು. ವಿಧಾನ ಸರಳ. ವೈದ್ಯ ಪಟ್ಟಿಯಿಂದ ಒಂದೊಂದೇ ಪದ ಓದುತ್ತಾನೆ: ತಲೆ, ಹಸಿರು, ನೀರು, ಹಾಡು, ಸಾವು, ಹಡಗು. ಎದುರಿಗಿರುವವರು ತಟ್ಟನೆ ಹೊಳೆದ ಪದ ಹೇಳಬೇಕು. ನಡುವೆ ಹಿಡಿದ ಸಮಯ ಸೆಕೆಂಡಿನ ಐದನೇ ಒಂದು ಭಾಗದ ಲೆಕ್ಕದಲ್ಲಿ ದಾಖಲಾಗುತ್ತದೆ. ಪಟ್ಟಿ ಮುಗಿದ ಮೇಲೆ ಮತ್ತೊಂದು ಸುತ್ತು: ಮೊದಲು ಕೊಟ್ಟ ಉತ್ತರಗಳನ್ನೇ ನೆನಪಿಸಿಕೊಂಡು ಹೇಳಬೇಕು. ಇಂಥ ಪ್ರಯೋಗವನ್ನು ಸಂಶೋಧಕರಾದ ಗಾಲ್ಟನ್ ಮತ್ತು ವುಂಟ್ ಮೊದಲೇ ಮಾಡಿದ್ದರು. ಅವರಿಗೆ ಬೇಕಿದ್ದದ್ದು ಆಲೋಚನೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ನಿಯಮ. ಯೂಂಗ್ ನೋಡಿದ್ದು ಆ ನಿಯಮ ತಪ್ಪುವ ಜಾಗಗಳನ್ನು. ಉತ್ತರ ತಡವಾದದ್ದು, ಕೇಳಿದ ಪದವನ್ನೇ ತಿರುಗಿ ಹೇಳಿದ್ದು, ಕಾರಣವಿಲ್ಲದೆ ನಕ್ಕದ್ದು, ಎರಡನೇ ಸುತ್ತಿನಲ್ಲಿ ಮರೆತದ್ದು, ಇವೆಲ್ಲ ಕೆಲವೇ ಪದಗಳ ಸುತ್ತ ಗುಂಪುಗಟ್ಟುತ್ತಿದ್ದವು. ಆ ಪದಗಳ ಅಡಿಯಲ್ಲಿ ನೋವು, ನಾಚಿಕೆ, ಭಯ ಹೆಣೆದುಕೊಂಡ ನೆನಪುಗಳ ಗಂಟೊಂದಿರುತ್ತದೆ ಎಂದು ಆತ ತರ್ಕಿಸಿದ. ಅದನ್ನೇ ಕಾಂಪ್ಲೆಕ್ಸ್ ಎಂದು ಕರೆದ.

1935ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಉಪನ್ಯಾಸ ಕೊಡುವಾಗ ಯೂಂಗ್ ವಿವರಿಸಿದ ಒಂದು ಪ್ರಕರಣ ಇಲ್ಲಿ ಮುಖ್ಯ. ಸುಮಾರು ಮೂವತ್ತೈದರ ಒಬ್ಬ ಗೃಹಸ್ಥ ಚಾಕು, ಈಟಿ, ಹೊಡೆ, ಚೂಪು, ಬಾಟಲಿ ಎಂಬ ಪದಗಳಲ್ಲಿ ಮಾತ್ರ ತಡವರಿಸಿದ. ಕುಡಿದ ಅಮಲಿನಲ್ಲಿ ಯಾರಿಗೋ ಚಾಕು ಹಾಕಿರಬೇಕು ಎಂದು ಯೂಂಗ್ ಊಹಿಸಿದ. ಆತ ಒಪ್ಪಿಕೊಂಡ: ಪರದೇಶದಲ್ಲಿ ನಡೆದ ಜಗಳ, ಒಂದು ವರ್ಷದ ಜೈಲು, ಊರಲ್ಲಿ ಯಾರಿಗೂ ಗೊತ್ತಿಲ್ಲದ ಗುಟ್ಟು. ಇಲ್ಲಿ ಊಹೆಯೂ ಇದೆ, ನಿಜ. ಆದರೆ ಅದು ತಪ್ಪಾಗಿದ್ದರೆ ತಪ್ಪೆಂದು ಗೊತ್ತಾಗಲು ದಾರಿಯಿತ್ತು. ಯಾವ ಪದ, ಎಷ್ಟು ತಡ ಎಂಬುದನ್ನು ಬೇರೆಯವರೂ ಅಳೆಯಬಹುದಿತ್ತು.

ಇದನ್ನು ಸಾಮೂಹಿಕ ಸುಪ್ತಪ್ರಜ್ಞೆಗೆ, ಅಂದರೆ ಮನುಷ್ಯರೆಲ್ಲರಿಗೂ ಹುಟ್ಟಿನಿಂದಲೇ ಬಂದ ಆದಿಮ ಬಿಂಬಗಳ ಸುಪ್ತಮನಸ್ಸಿಗೆ, ಯೂಂಗ್ ಕೊಟ್ಟ ಪುರಾವೆಯ ಪಕ್ಕದಲ್ಲಿಟ್ಟು ನೋಡಿ. ಸೂರ್ಯನಿಗೊಂದು ಶಿಶ್ನವಿದೆ, ಅದು ಅಲ್ಲಾಡಿದಾಗ ಗಾಳಿ ಹುಟ್ಟುತ್ತದೆ ಎಂದು ಆಸ್ಪತ್ರೆಯ ರೋಗಿಯೊಬ್ಬ ಹೇಳಿದ. ಮಿತ್ರ ದೇವತೆಯ ಪುರಾತನ ಪೂಜಾವಿಧಿಯಲ್ಲಿ ಯೂಂಗ್‌ಗೆ ಸೂರ್ಯನಿಂದ ತೂಗುವ ಗಾಳಿಕೊಳವೆಯ ವರ್ಣನೆ ಸಿಕ್ಕಿತು. ಆ ವಿಧಿ ಅಚ್ಚಾದ ಪುಸ್ತಕ 1910ರದು, ರೋಗಿಯ ಮಾತು ಅದಕ್ಕೂ ಮೊದಲಿನದು, ಹಾಗಾಗಿ ರೋಗಿ ಅದನ್ನು ಓದಿರಲು ಸಾಧ್ಯವಿಲ್ಲ ಎಂಬುದು ಯೂಂಗ್‌ನ ವಾದ. ಆದರೆ ಅದು ಎರಡನೇ ಮುದ್ರಣ. ಮೊದಲನೆಯದು 1903ರಲ್ಲೇ ಬಂದಿತ್ತು. ರೋಗಿ ಅದನ್ನು ಓದಿದ್ದನೆಂದು ಇದರಿಂದ ಸಾಬೀತಾಗುವುದಿಲ್ಲ. ಓದಿರಲಾರನೆಂಬ ವಾದ ಮಾತ್ರ ಬಿದ್ದುಹೋಗುತ್ತದೆ. ಹೋಲಿಕೆಯನ್ನೇ ಪುರಾವೆ ಮಾಡಿಕೊಂಡರೆ ಬರುವ ಅಪಾಯ ಇದು. ಅದೇ ಸಡಿಲ ದಾರಿಯಲ್ಲಿ ಇಡೀ ಜನಾಂಗಗಳ ಮನಸ್ಸಿನ ಬಗ್ಗೆ ತೀರ್ಪು ಕೊಡಲು ಹೋಗಿ, ಹಿಟ್ಲರ್ ಅಧಿಕಾರಕ್ಕೆ ಬಂದ ಮರುವರ್ಷವೇ, 1934ರಲ್ಲಿ, ಯೆಹೂದಿಗಳ ಸುಪ್ತಮನಸ್ಸಿಗಿಂತ ಆರ್ಯರದು ಹೆಚ್ಚು ಶಕ್ತವೆಂದು ಯೂಂಗ್ ಬರೆದ. ಆ ಕಳಂಕವನ್ನು ಆತನ ಅಭಿಮಾನಿಗಳಿಗೂ ತೊಳೆಯಲಾಗಿಲ್ಲ.

ನನ್ನ ಈ ತಕರಾರಿಗೆ ಆಕ್ಷೇಪಗಳಿವೆ. ಯೂಂಗ್ ತಾನೇ ಸ್ಟಾಪ್‌ವಾಚ್ ಕೆಳಗಿಟ್ಟನಲ್ಲ, ನಾವೇಕೆ ಎತ್ತಿಕೊಳ್ಳಬೇಕು? ಒಬ್ಬ ಚಿಂತಕ ಯಾವುದನ್ನು ಬಿಟ್ಟ ಎಂಬುದರಿಂದ ಅದರ ಬೆಲೆ ತೀರ್ಮಾನವಾಗುವುದಿಲ್ಲ; ಉಳಿದು ಬಂದದ್ದೇನು ಎಂಬುದರಿಂದ ಆಗುತ್ತದೆ. 1921ರಲ್ಲಿ ಆತ ವಿವರಿಸಿದ ಅಂತರ್ಮುಖಿ, ಬಹಿರ್ಮುಖಿ ಭೇದ ವ್ಯಕ್ತಿತ್ವ ಸಂಶೋಧನೆಯಲ್ಲಿ ಇಂದಿಗೂ ಉಳಿದಿದೆ. ಉಳಿದದ್ದು ಎರಡು ಜಾತಿಗಳಾಗಿ ಅಲ್ಲ, ಅಳೆಯಬಲ್ಲ ಒಂದೇ ಮಾಪನವಾಗಿ. ಕಂಪನಿಗಳ ಎಚ್‌ಆರ್ ವಿಭಾಗಗಳು ಅದನ್ನೇ ಹದಿನಾರು ಖಾನೆಗಳ ಮೈಯರ್ಸ್–ಬ್ರಿಗ್ಸ್ ಪರೀಕ್ಷೆಯಾಗಿ ಬಳಸುತ್ತಿರುವುದಕ್ಕೆ ಸಂಶೋಧಕರ ಬೆಂಬಲ ಕಡಿಮೆ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ಅಳೆಯಲಾಗದ್ದೆಲ್ಲ ಸುಳ್ಳೇ? ಆದಿಮ ಬಿಂಬಗಳ ಕಲ್ಪನೆಯಿಂದ ಸಾಹಿತ್ಯ ವಿಮರ್ಶೆಗೆ ಲಾಭವಾಗಿಲ್ಲವೇ? ಖಂಡಿತ ಆಗಿದೆ. ಕಾವ್ಯವನ್ನು ಓದುವ ಒಂದು ಬಗೆಯಾಗಿ ಅದು ಇರಲಿ, ಮೆರೆಯಲಿ. ಮನುಷ್ಯನ ಮಿದುಳಿನ ಬಗೆಗಿನ ಸಂಗತಿ ಎಂದು ಅದನ್ನು ಮಂಡಿಸಿದಾಗ ಮಾತ್ರ ಬೇರೆ ಬಗೆಯ ಸಾಕ್ಷ್ಯ ಕೇಳಬೇಕಾಗುತ್ತದೆ.

ಆದ್ದರಿಂದ ಹೊಸ ಓದುಗರಿಗೆ ನನ್ನ ಸಲಹೆ ಇಷ್ಟೇ: ಟ್ಯಾವಿಸ್ಟಾಕ್ ಉಪನ್ಯಾಸಗಳಿಂದ ಶುರುಮಾಡಿ, ವ್ಯಕ್ತಿತ್ವದ ಬಗೆಗಳ 1921ರ ಪುಸ್ತಕಕ್ಕೆ ಬನ್ನಿ, 'ರೆಡ್ ಬುಕ್' ಕೊನೆಗಿರಲಿ. ಆಗ ಯೂಂಗ್‌ನ ಯಾವ ಮಾತನ್ನು ನಂಬಬೇಕು, ಯಾವುದನ್ನು ಬರೀ ಸವಿಯಬೇಕು ಎಂಬುದು ನಿಮಗೇ ತಿಳಿಯುತ್ತದೆ.